ಕುರಿ ಕಾಯಲು ಕಾಂಗಲ್ ನಾಯಿ: ಚಳ್ಳಕೆರೆ ಸೀಮೆಗೆ ಹೊಂದುತ್ತದೆಯೇ, ಸಾಕುವುದು ಹೇಗೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. 120 ಕುರಿ, 25 ಮೇಕೆ ಇವೆ. ಹಗಲು ಹುಲ್ಲುಗಾವಲಿನಲ್ಲಿ ತೋಳದ ಕಾಟ, ರಾತ್ರಿ ರೊಪ್ಪದ (ಕುರಿದೊಡ್ಡಿಯ) ಸುತ್ತ ಬೀದಿ ನಾಯಿಗಳ ಕಾಟ. ಭತ್ತದ ಕೊಯ್ಲು ಮುಗಿದ ಮೇಲೆ ಹರಿಹರ, ಹೊನ್ನಾಳಿ ಕಡೆ ಹೋಗಿ ಗದ್ದೆಗಳಲ್ಲಿ ಮಂದೆ ನಿಲ್ಲಿಸುತ್ತೇವೆ. ಎರಡು ನಾಟಿ ನಾಯಿಗಳಿವೆ. ಚೆನ್ನಾಗಿ ಬೊಗಳುತ್ತವೆ, ಆದರೆ ತೋಳ ಕಂಡರೆ ನಮ್ಮ ಕಾಲ ಬಳಿಗೆ ಓಡಿಬರುತ್ತವೆ. ಟರ್ಕಿಯ ಕಾಂಗಲ್ ಮರಿ ತಂದರೆ ಉಪಯೋಗವಾಗುತ್ತದೆಯೇ? ನಮ್ಮ ಬಿಸಿಲು ತಡೆಯುತ್ತದೆಯೇ? ಏನು ತಿನ್ನಿಸಬೇಕು, ಹೇಗೆ ಪಳಗಿಸಬೇಕು?

ಉತ್ತರ: ಬಿಸಿಲನ್ನು ಕಾಂಗಲ್ ತಡೆಯುತ್ತದೆ. ಆದರೆ ಕಾಂಗಲ್ ತಂದ ಮಾತ್ರಕ್ಕೆ ಕುರಿ ಉಳಿಯುವುದಿಲ್ಲ. ಮಂದೆ ಕಾಯುವ ನಾಯಿ ತಯಾರಾಗುವುದು ಅದರ ವಯಸ್ಸಿನ 8ನೇ ವಾರದಿಂದ 16ನೇ ವಾರದವರೆಗೆ, ರೊಪ್ಪದೊಳಗೆ, ಕುರಿಗಳ ನಡುವೆ. ಆ ಎರಡು ತಿಂಗಳನ್ನು ಮನೆಯಂಗಳದಲ್ಲಿ ಮಕ್ಕಳ ಜೊತೆ ಕಳೆದ ಮರಿ ಎಷ್ಟೇ ದುಬಾರಿ ತಳಿಯದಾದರೂ ಮನೆ ಕಾಯುತ್ತದೆ, ಮಂದೆ ಕಾಯುವುದಿಲ್ಲ. ನಿಮ್ಮ ನಾಟಿ ನಾಯಿಗಳು ತೋಳ ಬಂದಾಗ ನಿಮ್ಮ ಕಾಲ ಬಳಿಗೆ ಓಡಿಬರುವುದು ಹೇಡಿತನದಿಂದ ಅಲ್ಲ. ಅವು ಬೆಳೆದದ್ದು ನಿಮ್ಮ ಬಳಿ, ಅವಕ್ಕೆ ತಮ್ಮವರೆಂದರೆ ನೀವು. ಕುರಿಗಳ ಮಧ್ಯೆ ಬೆಳೆದಿದ್ದರೆ ಅದೇ ನಾಯಿಗಳು ಕುರಿಗಳ ಬಳಿಗೆ ಓಡುತ್ತಿದ್ದವು.

ಆದ್ದರಿಂದ ತಳಿಯ ಗುಣ ಮೊದಲು ತಿಳಿದುಕೊಳ್ಳೋಣ. ಸಾಕುವ ಕ್ರಮವನ್ನು ಆಮೇಲೆ ವಿವರವಾಗಿ ನೋಡೋಣ. ಹೆಚ್ಚಿನವರು ಎಡವುವುದು ಸಾಕುವುದರಲ್ಲೇ.

ಕಾಂಗಲ್ ಎಂಥ ನಾಯಿ

ಟರ್ಕಿಯ ಸಿವಾಸ್ ಪ್ರಾಂತ್ಯದ ಕಾಂಗಲ್ ಎಂಬ ಊರಿನ ಸುತ್ತಲಿನ ಕುರಿಗಾಹಿಗಳು ತೋಳ, ಕರಡಿಗಳಿಂದ ಮಂದೆ ಕಾಯಲು ಬೆಳೆಸಿಕೊಂಡು ಬಂದ ನಾಯಿ ಇದು. ಬೂದು ಬೆರೆತ ಗೋಧಿ ಬಣ್ಣದ ಮೈ, ಕಪ್ಪು ಮುಖ, ಕಪ್ಪು ಕಿವಿ, ಬೆನ್ನ ಮೇಲೆ ಸುರುಳಿ ಹೊಡೆಯುವ ಬಾಲ. ಗಂಡು ಭುಜದ ಬಳಿ 72ರಿಂದ 78 ಸೆಂಟಿಮೀಟರ್ ಎತ್ತರ, 48ರಿಂದ 60 ಕಿಲೋ ತೂಕ. ಹೆಣ್ಣು 65ರಿಂದ 73 ಸೆಂಟಿಮೀಟರ್, 40ರಿಂದ 50 ಕಿಲೋ. ಅನಟೋಲಿಯನ್ ಶೆಫರ್ಡ್ ಎಂಬ ಹೆಸರಿನಲ್ಲಿ ಮಾರುವುದೂ ಹೆಚ್ಚು ಕಡಿಮೆ ಇದೇ ವಂಶದ ನಾಯಿಯನ್ನು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ 2018ರಲ್ಲಿ ತನ್ನ ಪಟ್ಟಿಯಲ್ಲಿದ್ದ ಆ ಹೆಸರನ್ನು ಕಾಂಗಲ್ ಎಂದು ಬದಲಿಸಿತು.

ಕುರಿ ಅಟ್ಟುವ ನಾಯಿ, ಬೇಟೆಯಾಡುವ ನಾಯಿ, ಕುರಿ ಕಾಯುವ ನಾಯಿ, ಈ ಮೂರೂ ಬೇರೆ ಬೇರೆ. ಬಾರ್ಡರ್ ಕೋಲಿಯಂಥದ್ದು ಕುರಿಯನ್ನು ದಿಟ್ಟಿಸಿ, ಬಗ್ಗಿ, ಅಟ್ಟುತ್ತದೆ. ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದ ಪ್ರಾಣಿಯ ಬೆನ್ನಟ್ಟಿ ಹಿಡಿಯುವ ಓಟಗಾರ. ಅದರ ಚಳಕವೇ ಬೇಟೆ, ಮಂದೆ ಬಿಟ್ಟು ಮೊಲದ ಹಿಂದೆ ಹೋಗುವುದು ಅದರ ತಪ್ಪಲ್ಲ. ಕಾವಲು ತಳಿಗಳಲ್ಲಿ ತಲೆಮಾರುಗಳ ಆಯ್ಕೆಯಿಂದ ಈ ಬೆನ್ನಟ್ಟುವ ಹುಚ್ಚನ್ನೇ ಕಡಿಮೆ ಮಾಡಿದ್ದಾರೆ. ಒಳ್ಳೆಯ ಕಾವಲು ನಾಯಿಯಲ್ಲಿ ನೋಡಬೇಕಾದ ಗುಣ ಮೂರು: ಕುರಿಗೆ ತೊಂದರೆ ಕೊಡಬಾರದು, ಕುರಿ ಹೋದಲ್ಲಿಗೆ ಹೋಗಬೇಕು, ಹೊರಗಿನದು ಬಂದರೆ ನಡುವೆ ನಿಲ್ಲಬೇಕು. ಈ ಕ್ರಮದಲ್ಲೇ ಅವುಗಳ ಮಹತ್ವ. ಮೊದಲ ಎರಡು ಇಲ್ಲದೆ ಮೂರನೆಯದು ಮಾತ್ರ ಇರುವ ನಾಯಿ ಅಪಾಯಕಾರಿ.

ಮಾರುವವರು ಕಚ್ಚುವ ಬಲದ ದೊಡ್ಡ ಅಂಕಿ ಹೇಳುತ್ತಾರೆ. ಅದನ್ನು ನಂಬಿ ಕೊಳ್ಳಬೇಡಿ. ಮಂದೆ ಉಳಿಯುವುದು ಹಲ್ಲಿನಿಂದಲ್ಲ. ನಾಯಿ ರಾತ್ರಿಯಿಡೀ ಸುತ್ತಾಡಿ ಅಲ್ಲಲ್ಲಿ ಮೂತ್ರ ಮಾಡಿ ಗಡಿ ಗುರುತು ಹಾಕುತ್ತದೆ, ಸದ್ದು ಕೇಳಿದರೆ ದಪ್ಪ ದನಿಯಲ್ಲಿ ಬೊಗಳುತ್ತದೆ, ಆಮೇಲೂ ಬಂದರೆ ಎದುರು ಹೋಗಿ ನಿಲ್ಲುತ್ತದೆ. ಗಾಯವಾದರೆ ತೋಳಕ್ಕೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಹಸಿವು. ಅದಕ್ಕೇ ಹೆಚ್ಚಿನ ತೋಳಗಳು ಜಗಳಕ್ಕೆ ಇಳಿಯದೆ ಕಾವಲಿಲ್ಲದ ಮಂದೆ ಹುಡುಕಿಕೊಂಡು ಹೋಗುತ್ತವೆ. ಕಾದಾಟ ಕೊನೆಯ ಹೆಜ್ಜೆ. ಪ್ರತಿ ವಾರ ಕಾದಾಡುವ ನಾಯಿ ಹೆಚ್ಚು ದಿನ ಬಾಳುವುದಿಲ್ಲ.

ಬಿಸಿಲಿನ ವಿಷಯದಲ್ಲಿ ನಮೀಬಿಯಾದ ಉದಾಹರಣೆ ನಿಮಗೆ ಹತ್ತಿರದ್ದು. ಅಲ್ಲಿನ ಚೀತಾ ಸಂರಕ್ಷಣಾ ನಿಧಿ 1994ರಿಂದ ರೈತರಿಗೆ ಇದೇ ಜಾತಿಯ ಮರಿಗಳನ್ನು ಕೊಡುತ್ತಾ ಬಂದಿದೆ. ಅದೂ ಒಣ ಬಯಲು, ಮುಳ್ಳುಪೊದೆ, ಕುರಿ-ಮೇಕೆಗಳ ನಾಡು. ಕಾಂಗಲ್‌ನ ಕೂದಲು ಗಿಡ್ಡ, ಒಳಗೆ ಇನ್ನೊಂದು ದಟ್ಟ ಪದರ. ಉದ್ದ ಕೂದಲಿನ ಗ್ರೇಟ್ ಪೈರನೀಸ್, ಕಕೇಷಿಯನ್, ಜಮ್ಮು-ಕಾಶ್ಮೀರದ ಬಖರ್ವಾಲ್ ನಾಯಿಗಳನ್ನು ಚಿತ್ರದುರ್ಗದ ಏಪ್ರಿಲ್‌ಗೆ ತಂದು ನಿಲ್ಲಿಸುವುದು ಆ ಪ್ರಾಣಿಗಳಿಗೆ ಮಾಡುವ ಅನ್ಯಾಯ.

ಹೀಗಿದ್ದರೂ ನಾಟಿ ಮರಿಯನ್ನು ಪಕ್ಕಕ್ಕೆ ತಳ್ಳಬೇಡಿ. ಬೋಟ್ಸ್ವಾನಾದಲ್ಲಿ ರೈತರು ಅಲ್ಲಿನ ನಾಟಿ ನಾಯಿಗಳನ್ನೇ ಮೇಕೆಗಳ ಜೊತೆ ಬೆಳೆಸಿ ಕಾವಲಿಗೆ ಬಳಸುತ್ತಾರೆ. ಅಮೆರಿಕದ ನೈರುತ್ಯದ ನವಾಹೋ ಕುರಿಗಾಹಿಗಳದ್ದೂ ಬೆರಕೆ ನಾಯಿಗಳೇ. ಊಟ ಕಡಿಮೆ ಸಾಕು, ರೋಗ ತಡೆಯುವ ಶಕ್ತಿ ಚೆನ್ನಾಗಿದೆ, ಸತ್ತರೆ ಇನ್ನೊಂದು ಸಿಗುತ್ತದೆ. ಬೀದಿ ನಾಯಿ, ನರಿ, ಒಂಟಿ ತೋಳಕ್ಕೆ ಸರಿಯಾಗಿ ಬೆಳೆಸಿದ 25 ಕಿಲೋದ ಎರಡು ನಾಟಿ ನಾಯಿ ಸಾಕಾಗುತ್ತವೆ. ತೋಳಗಳು ಮೂರು-ನಾಲ್ಕರ ಗುಂಪಾಗಿ ಬರುವ ಕಡೆ ಮಾತ್ರ ದೊಡ್ಡ ಮೈಕಟ್ಟಿನ ನಾಯಿಯ ಖರ್ಚಿಗೆ ಅರ್ಥವಿದೆ. ಮುಂದೆ ಹೇಳುವ ಸಾಕುವ ಕ್ರಮ ಎರಡಕ್ಕೂ ಒಂದೇ.

ಮರಿ ಆರಿಸುವುದು

8 ವಾರ ತುಂಬುವವರೆಗೆ ತಾಯಿಯಿಂದ ಬಿಡಿಸಬೇಡಿ. ತಾಯಿಯ, ಒಡಹುಟ್ಟಿದವುಗಳ ಜೊತೆ ಇದ್ದಾಗಲೇ ಮರಿ ಹಲ್ಲನ್ನು ಎಷ್ಟು ಗಟ್ಟಿಯಾಗಿ ಒತ್ತಬೇಕೆಂದು ಕಲಿಯುತ್ತದೆ. ಅದು ಕಲಿಯದ ಮರಿ ಮುಂದೆ ಕುರಿಮರಿಯ ಕಿವಿ ಹರಿಯುತ್ತದೆ. 12 ವಾರ ದಾಟಿದ, ಕುರಿಯನ್ನೇ ಕಾಣದ ಮರಿ ಬೇಡ. ತಂದೆ-ತಾಯಿ ಕುರಿಗಳ ಜೊತೆ ಇರುವುದನ್ನು ಕಣ್ಣಾರೆ ನೋಡಿ. ಮನೆಯ ಕಾಂಪೌಂಡಿನಲ್ಲಿ ಸರಪಳಿಗೆ ಕಟ್ಟಿದ ಆರ್ಭಟದ ತಂದೆಯನ್ನು ತೋರಿಸಿದರೆ ವಾಪಸ್ ಬನ್ನಿ. ಇಷ್ಟು ದೊಡ್ಡ ಮೈಯ ತಳಿಗಳಲ್ಲಿ ಸೊಂಟದ ಕೀಲು ಸಡಿಲವಾಗುವ ದೋಷ ವಂಶದಲ್ಲಿ ಬರುತ್ತದೆ, ಆದ್ದರಿಂದ ತಂದೆ-ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ನಮ್ಮಲ್ಲಿ ಕಾಂಗಲ್ ಎಂದು ಮಾರುವುದರಲ್ಲಿ ಅಲಬಾಯ್ (ಮಧ್ಯ ಏಷ್ಯಾದ ಇನ್ನೊಂದು ಕಾವಲು ತಳಿ) ಬೆರಕೆ ಬರುವುದುಂಟು. ಮೈಮೇಲೆ ದೊಡ್ಡ ಬಿಳಿ ಮಚ್ಚೆ, ಕರಿ-ಬಿಳಿ ಪಟ್ಟೆಗಳಿದ್ದರೆ ಅದು ಕಾಂಗಲ್ ಅಲ್ಲ. ಎದೆ, ಪಾದದ ಮೇಲೆ ಸ್ವಲ್ಪ ಬಿಳಿ ಇದ್ದರೆ ಅಡ್ಡಿಯಿಲ್ಲ.

ಎರಡು ಮರಿಗಳನ್ನು ಒಟ್ಟಿಗೆ ತರಬೇಡಿ. ಅವು ಒಂದಕ್ಕೊಂದು ಅಂಟಿಕೊಂಡು ಕುರಿಯನ್ನು ಆಟದ ಸಾಮಾನು ಮಾಡಿಕೊಳ್ಳುತ್ತವೆ. ನಿಮ್ಮ 145 ತಲೆಗೆ ಎರಡು ನಾಯಿ ಬೇಕು, ಆದರೆ ಎರಡನೆಯದನ್ನು ಒಂದು-ಒಂದೂವರೆ ವರ್ಷ ಬಿಟ್ಟು, ಮೊದಲನೆಯದು ಹದಕ್ಕೆ ಬಂದ ಮೇಲೆ ತನ್ನಿ. ಆಗ ದೊಡ್ಡದೇ ಸಣ್ಣದಕ್ಕೆ ಮೇಷ್ಟ್ರಾಗುತ್ತದೆ. ಒಂದು ಗಂಡು, ಒಂದು ಹೆಣ್ಣು ಇದ್ದರೆ ಜಗಳ ಕಡಿಮೆ.

ಮೊದಲ ಎರಡು ತಿಂಗಳು

ರೊಪ್ಪದ ಒಂದು ಮೂಲೆಯಲ್ಲಿ ಸುಮಾರು 6 ಅಡಿಗೆ 8 ಅಡಿ ಜಾಗವನ್ನು ತಡಿಕೆ ಅಥವಾ ಜಾಲರಿಯಿಂದ ಬೇರೆ ಮಾಡಿ. ಕೆಳಗೆ ಮರಿ ಮಾತ್ರ ನುಸುಳುವಷ್ಟು ಕಿಂಡಿ ಇರಲಿ, ಕುರಿ ದಾಟುವಂತಿರಬಾರದು. ಮರಿಯ ಊಟ, ನೀರು, ಗೋಣಿ ಹಾಸಿಗೆ ಆ ಮೂಲೆಯಲ್ಲಿ. ತಡಿಕೆಯ ಈಚೆ ನಾಲ್ಕೈದು ಸಾಧು ಕುರಿಗಳನ್ನು, ಮೂರು-ನಾಲ್ಕು ತಿಂಗಳ ಕುರಿಮರಿಗಳನ್ನು ಬಿಡಿ. ಎಳೆ ಮರಿ ಇರುವ ತಾಯಿ ಕುರಿ ಗುದ್ದಿ ಕೊಲ್ಲಬಹುದು, ಅದನ್ನು ಈ ಗುಂಪಿಗೆ ಸೇರಿಸಬೇಡಿ. ಮೊದಲ ವಾರ ತಡಿಕೆಯ ಎರಡು ಕಡೆಯಿಂದ ಮೂಸಿಕೊಳ್ಳಲಿ. ಆಮೇಲೆ ನಿಮ್ಮ ಕಣ್ಣೆದುರಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಒಳಗೆ ಬಿಡಿ. ಮರಿ ಕುರಿಯ ಮೈಗೆ ಒರಗಿ ಮಲಗಲು ಶುರುಮಾಡಿದರೆ ದಾರಿಗೆ ಬಂತೆಂದೇ ತಿಳಿಯಿರಿ.

ಊಟವನ್ನು ಕುರಿಗೆ ಎಟುಕದಂತೆ ಇಡುವುದಕ್ಕೆ ಎರಡು ಕಾರಣ. ರಾಗಿ ಹಿಟ್ಟಿನ ಊಟವನ್ನು ಕುರಿ ಒಮ್ಮೆಲೇ ತಿಂದರೆ ಹೊಟ್ಟೆ ಹುಳಿಯಾಗಿ ಸಾಯಬಹುದು. ಇನ್ನೊಂದು, ತಟ್ಟೆಯ ಬಳಿ ಕುರಿ ಬಂದಾಗಲೆಲ್ಲ ಗುರುಗುಟ್ಟಿದ ಮರಿ ಕುರಿಯನ್ನು ಪೈಪೋಟಿಯೆಂದು ನೋಡಲು ಕಲಿಯುತ್ತದೆ.

ಮನುಷ್ಯರ ಸಂಗ ಎಷ್ಟಿರಬೇಕು ಎನ್ನುವುದರಲ್ಲಿ ಎರಡು ತಪ್ಪು ನಡೆಯುತ್ತವೆ. ಮುದ್ದು ಮಾಡಿ ಮನೆಯೊಳಗೆ ಮಲಗಿಸುವುದು ಒಂದು, ಅದರ ಫಲ ಆಗಲೇ ಹೇಳಿದೆ. ಮುಟ್ಟಲೇಬಾರದೆಂದು ದೂರ ಇಡುವುದು ಇನ್ನೊಂದು. ಹಾಗೆ ಬೆಳೆದ 50 ಕಿಲೋ ನಾಯಿಗೆ ಮುಳ್ಳು ಚುಚ್ಚಿದರೆ ಹಿಡಿಯುವವರು ಯಾರು? ದಿನಕ್ಕೆ ಎರಡು ಸಲ ರೊಪ್ಪದೊಳಗೇ ಹೋಗಿ ಮೈ ತಡವಿ, ಬಾಯಿ ತೆರೆದು ನೋಡಿ, ಪಾದ ಎತ್ತಿ ನೋಡಿ, ಹಗ್ಗ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ. ಹೆಸರು ಕರೆದರೆ ಬರುವುದು, "ಬೇಡ" ಅಂದರೆ ಬಿಡುವುದು, ಕಟ್ಟಿದರೆ ಸುಮ್ಮನೆ ನಿಲ್ಲುವುದು, ಇಷ್ಟು ಕಲಿಸಿದರೆ ಸಾಕು. ಚೆಂಡು, ಕೋಲು ಎಸೆದು ತರಿಸುವ ಆಟ ಬೇಡವೇ ಬೇಡ. ಅದು ಬೆನ್ನಟ್ಟುವುದನ್ನೇ ಕಲಿಸುತ್ತದೆ.

ನಾಲ್ಕು ತಿಂಗಳಿಂದ ಎರಡು ವರ್ಷ

ನಾಲ್ಕು ತಿಂಗಳಾದ ಮೇಲೆ ಮಂದೆಯ ಜೊತೆ ಒಂದೆರಡು ಕಿಲೋಮೀಟರ್ ಹೋಗಲಿ. ಎಲುಬು ಬಲಿಯದ ಮರಿಯನ್ನು ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡೆಸಿದರೆ ಕೀಲು ಹಾಳಾಗುತ್ತದೆ. ವರ್ಷ ತುಂಬುವವರೆಗೆ ಪೂರ್ತಿ ದಿನದ ಮೇವಿಗೆ ಕಳಿಸಬೇಡಿ.

6ರಿಂದ 14 ತಿಂಗಳು ಅತಿ ಕಷ್ಟದ ಕಾಲ. ನಾಯಿ ನೋಡಲು ದೊಡ್ಡದು, ಬುದ್ಧಿ ಇನ್ನೂ ಮರಿಯದು. ಕುರಿಯ ಉಣ್ಣೆ ಎಳೆಯುವುದು, ಕಿವಿ ಜಗಿಯುವುದು, ಎಳೆಯ ಮೇಕೆಮರಿಯನ್ನು ಅಟ್ಟಾಡಿಸಿ ಸುಸ್ತು ಮಾಡುವುದು ಈ ವಯಸ್ಸಿನಲ್ಲೇ. ಇದು ಕೊಲ್ಲುವ ಬುದ್ಧಿಯಲ್ಲ, ಆಟ. ಆದರೆ ಆಟದಲ್ಲೇ ಕುರಿಮರಿ ಸಾಯುತ್ತದೆ. ಅನೇಕರು ಈ ಹಂತದಲ್ಲಿ ನಾಯಿಯನ್ನು ಬಡಿದು ಸರಪಳಿಗೆ ಕಟ್ಟಿ, ತಳಿಯೇ ಸರಿಯಿಲ್ಲ ಎನ್ನುತ್ತಾರೆ. ಮಾಡಬೇಕಾದದ್ದು ಬೇರೆ: ಎಳೆ ಮರಿಗಳಿಂದ ದೂರವಿಟ್ಟು ಗಟ್ಟಿ ಟಗರು, ವಯಸ್ಸಾದ ಕುರಿಗಳ ಜೊತೆ ಬಿಡಿ. ಒಂದೆರಡು ಗುದ್ದು ತಿಂದರೆ ತಾನೇ ಮರ್ಯಾದೆ ಕಲಿಯುತ್ತದೆ. ತಪ್ಪು ಮಾಡುವಾಗಲೇ, ಆ ಕ್ಷಣಕ್ಕೇ, ಗದರಿಸಿ. ಐದು ನಿಮಿಷ ಬಿಟ್ಟು ಹೊಡೆದರೆ ಏಕೆ ಹೊಡೆತ ಬಿತ್ತೆಂದು ಅದಕ್ಕೆ ತಿಳಿಯುವುದಿಲ್ಲ. ನೀವು ಇಲ್ಲದ ಹೊತ್ತು ಪಕ್ಕದ ತಡಿಕೆಯೊಳಗೆ ಇರಲಿ, ಕುರಿಯ ವಾಸನೆ ಮೂಗಿಗೆ ಬೀಳುತ್ತಿರಲಿ. ಕೊರಳಿಗೆ ಮರದ ತುಂಡು ನೇತುಹಾಕುವ ಪದ್ಧತಿಯಿದೆ. ಓಟ ತಗ್ಗುತ್ತದೆ, ಬುದ್ಧಿ ಬರುವುದಿಲ್ಲ.

ಕುರಿ ಈಯುವ ಕಾಲದಲ್ಲಿ ಮೊದಲ ವರ್ಷ ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ತೋರಿಸಿ. ಮಾಸು ತಿಂದರೆ ಗಾಬರಿ ಬೇಡ. ಆದರೆ ಮಾಸಿನ ವಾಸನೆಗೆ ಒದ್ದೆ ಮರಿಯನ್ನೇ ನೆಕ್ಕಲು ಹೋಗಿ ತಾಯಿ ಮರಿಯನ್ನು ಬಿಟ್ಟುಬಿಡುವ ಅಪಾಯವಿದೆ, ಆದ್ದರಿಂದ ಬಿದ್ದ ಮಾಸನ್ನು ಬೇಗ ತೆಗೆದು ಹೂಳಿ. 18ರಿಂದ 24 ತಿಂಗಳಿಗೆ ನಾಯಿ ನಂಬಿಕೆಗೆ ಬರುತ್ತದೆ. ಅದಕ್ಕೂ ಮೊದಲು ತೋಳದ ಎದುರು ನಿಲ್ಲಬೇಕೆಂದು ನಿರೀಕ್ಷಿಸಬೇಡಿ. ಅಂದರೆ ಇಂದು ಮರಿ ತಂದರೆ ಕಾವಲು ಸಿಗುವುದು ಎರಡು ವರ್ಷದ ನಂತರ. ಅಲ್ಲಿಯವರೆಗೆ ರಾತ್ರಿ ದೀಪ, ಗಟ್ಟಿ ಬೇಲಿ, ನಿಮ್ಮ ಕಾವಲು ಮುಂದುವರಿಯಲೇಬೇಕು.

ಊಟ

ಬರೀ ರಾಗಿ ಮುದ್ದೆ, ಮಜ್ಜಿಗೆ ಹಾಕಿದರೆ ನಾಯಿ ಬದುಕುತ್ತದೆ, ಆದರೆ ಕೂದಲು ಉದುರಿ, ಪಕ್ಕೆ ಕಂಡು, ಗಾಯ ಮಾಯದೆ ಸೊರಗುತ್ತದೆ. ಮುದ್ದೆ ಶಕ್ತಿ ಕೊಡುತ್ತದೆ, ಮಾಂಸ ಕಟ್ಟುವ ಸಾರ ಸಾಲದು. 50 ಕಿಲೋ ತೂಕದ, ದಿನವೂ ಮಂದೆಯ ಜೊತೆ ನಡೆಯುವ ನಾಯಿಗೆ ಸುಮಾರು 2,400 ಕಿಲೋ ಕ್ಯಾಲೊರಿ ಬೇಕು. ಇದು ಹೀಗೆ ಹೊಂದುತ್ತದೆ: 350 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ಅಷ್ಟೇ ಜೋಳದ ಹಿಟ್ಟು, ಬೇಯಿಸಿ ಎಲುಬು ತೆಗೆದ ಅರ್ಧ ಕಿಲೋ ಕೋಳಿ ಮಾಂಸ ಚರ್ಮ ಸಮೇತ, 2 ಮೊಟ್ಟೆ, 2 ದೊಡ್ಡ ಚಮಚ ಶೇಂಗಾ ಎಣ್ಣೆ, ಮೊಟ್ಟೆಚಿಪ್ಪು ಒಣಗಿಸಿ ಕುಟ್ಟಿದ ನುಣುಪು ಪುಡಿ ಒಂದು ಸಣ್ಣ ಚಮಚ. ದಿನಕ್ಕೆ ಎರಡು ಹೊತ್ತಾಗಿ ಹಂಚಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಇದನ್ನು ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಮೈಯ ಗಾತ್ರ ನೋಡಿ ಹೆದರಬೇಡಿ, ಈ ತಳಿ ದೇಹಕ್ಕೆ ಹೋಲಿಸಿದರೆ ಮಿತವಾಗಿ ತಿನ್ನುತ್ತದೆ.

ಬೆಳೆಯುವ ಮರಿಗೆ ಮೊದಲ ಆರು ತಿಂಗಳು ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಒಣ ಆಹಾರ ಕೊಡುವುದು ಕ್ಷೇಮ, ಖರ್ಚಾದರೂ ಸರಿ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಒಣ ಆಹಾರದ ಜೊತೆ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಮೆಡಿಕಲ್ ಅಂಗಡಿಯವರ ಮಾತು ಕೇಳಿ ಹೀಗೆ ಮಾಡಿ ಕಾಲು ಸೊಟ್ಟಾದ ದೊಡ್ಡ ತಳಿಯ ಮರಿಗಳು ಪಶು ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತವೆ. ಕ್ಯಾಲ್ಸಿಯಂ ಹೆಚ್ಚಾದರೆ ಎಲುಬು ಗಟ್ಟಿಯಾಗುವುದಿಲ್ಲ, ಬೆಳವಣಿಗೆ ಎಡವಟ್ಟಾಗುತ್ತದೆ. ಮರಿ ಗುಂಡಗೆ ಆಗುವಂತೆ ತುಂಬಿಸಬಾರದು, ತೆಳ್ಳಗಿದ್ದು ನಿಧಾನ ಬೆಳೆದ ಮರಿಯ ಕೀಲು ಬಾಳಿಕೆ ಬರುತ್ತದೆ.

ಬೇಯಿಸಿದ ಎಲುಬು, ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ ಬೇಡ. ಊಟವಾದ ಒಂದು ಗಂಟೆ ಓಡಿಸಬೇಡಿ. ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ರೋಗವಿದೆ: ಹೊಟ್ಟೆ ಬಿಗಿದು ಡೋಲಿನಂತಾಗುತ್ತದೆ, ವಾಂತಿಗೆ ಪ್ರಯತ್ನಿಸಿದರೂ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಆಗ ಮನೆಮದ್ದು ಮಾಡುತ್ತಾ ಕೂರಬೇಡಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿದ್ದಲ್ಲಿಗೆ ನೇರ ಒಯ್ಯಿರಿ.

ಲಾಡಿಹುಳು: ಇದನ್ನು ಎರಡು ಸಲ ಓದಿ

ಕುರಿಗಾಹಿಗಳು ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ನಷ್ಟ ಮಾಡುವ ವಿಷಯ ಇದೇ. ಕುರಿ ತಲೆ ಒಂದು ಕಡೆ ವಾಲಿಸಿ, ನಿಂತಲ್ಲೇ ಸುತ್ತು ಹೊಡೆದು, ಕಣ್ಣು ಕಾಣದಂತಾಗಿ, ಮೇವು ಬಿಟ್ಟು ಸಾಯುವುದನ್ನು ನೀವು ನೋಡಿರುತ್ತೀರಿ. ಹೆಚ್ಚಾಗಿ ಎರಡು ವರ್ಷದೊಳಗಿನ ಕುರಿಗಳಲ್ಲಿ. ಮಿದುಳಿನಲ್ಲಿ ನೀರುಗುಳ್ಳೆ ಬೆಳೆದಿರುತ್ತದೆ. ಆ ಗುಳ್ಳೆ ಬಂದದ್ದು ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಯಿಂದ. ನಾಯಿಯ ಮಲ ಹುಲ್ಲಿಗೆ, ಹುಲ್ಲಿನಿಂದ ಮೊಟ್ಟೆ ಕುರಿಗೆ, ರಕ್ತದಲ್ಲಿ ಮಿದುಳಿಗೆ. ಸತ್ತ ಆ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಗುಳ್ಳೆಯೊಳಗಿನ ನೂರಾರು ಎಳೆ ಹುಳುಗಳು ಮತ್ತೆ ನಾಯಿಯ ಹೊಟ್ಟೆ ಸೇರುತ್ತವೆ. ಇನ್ನೊಂದು ಜಾತಿಯ ಸಣ್ಣ ಲಾಡಿಹುಳು ಹೀಗೇ ಕುರಿಯ ಲಿವರ್, ಶ್ವಾಸಕೋಶದಲ್ಲಿ ಗುಳ್ಳೆ ಮಾಡುತ್ತದೆ. ಅದರ ಮೊಟ್ಟೆ ನಾಯಿ ಮುಟ್ಟಿದ ಕೈಯಿಂದ ಮನುಷ್ಯರ ಬಾಯಿಗೂ ಹೋಗಿ, ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಗುಳ್ಳೆ ಬೆಳೆಸುತ್ತದೆ.

ತಡೆಯುವುದು ಸುಲಭ. ಹಸಿ ತಲೆ, ಲಿವರ್, ಶ್ವಾಸಕೋಶ, ಬೋಟಿ ಯಾವುದನ್ನೂ ನಾಯಿಗೆ ಹಾಕಬೇಡಿ. ಕೊಡಲೇಬೇಕಾದರೆ ಸಣ್ಣ ಚೂರು ಮಾಡಿ ಮುಕ್ಕಾಲು ಗಂಟೆ ಕುದಿಸಿ. ಸತ್ತ ಕುರಿಯನ್ನು ನಾಲ್ಕು ಅಡಿ ಆಳಕ್ಕೆ ಹೂತು ಮೇಲೆ ಸುಣ್ಣ, ಕಲ್ಲು ಹಾಕಿ. ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯನ್ನು ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಕೊಡಿ, ಅಂದರೆ 50 ಕಿಲೋ ನಾಯಿಗೆ 250 ಮಿಲಿಗ್ರಾಂ. 50 ಮಿಲಿಗ್ರಾಂ ಇರುವ ಮಾತ್ರೆಯಾದರೆ ಐದು. ನಾಯಿಯ ಹೊಟ್ಟೆ ಸೇರಿದ ಹುಳು ಬಲಿತು ಮೊಟ್ಟೆ ಬಿಡಲು ಸುಮಾರು ಆರು ವಾರ ಬೇಕು, ಆದ್ದರಿಂದ ಆರು ವಾರಕ್ಕೊಮ್ಮೆ ಕೊಟ್ಟರೆ ಮೊಟ್ಟೆಯೇ ಹೊರಬೀಳುವುದಿಲ್ಲ. ಹೊಸ ನಾಯಿಗೆ ಮಾತ್ರವಲ್ಲ, ಈಗಿರುವ ಎರಡು ನಾಟಿ ನಾಯಿಗಳಿಗೂ ಈ ವಾರವೇ ಕೊಡಿ. ಮಾತ್ರೆ ಕೊಟ್ಟ ಮೇಲೆ ಎರಡು ದಿನ ಕಟ್ಟಿಹಾಕಿ ಮಲವನ್ನು ಹೂಳಿ.

ಲಸಿಕೆ, ಉಣ್ಣಿ, ಬಿಸಿಲು, ಮುಳ್ಳು

ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆ 6ರಿಂದ 8ನೇ ವಾರದಲ್ಲಿ ಶುರು, ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವೈದ್ಯರು ಹೇಳಿದಂತೆ ಮರುಚುಚ್ಚು, ಬಳಿಕ ವರ್ಷಕ್ಕೊಮ್ಮೆ ತಪ್ಪದೆ. ಬೀದಿ ನಾಯಿ, ತೋಳಗಳ ಜೊತೆ ಕಚ್ಚಾಡುವುದೇ ಇದರ ಕೆಲಸ, ರೇಬೀಸ್ ಲಸಿಕೆ ತಪ್ಪಿದರೆ ಮಂದೆಗೂ ನಿಮ್ಮ ಮನೆಗೂ ಅಪಾಯ. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗಿ, ವಸಡು ಬಿಳುಚಿ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಹೀಗೆ ಕಂಡ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಕುರಿಗೆ ತಂದ ಉಣ್ಣಿ ಔಷಧ, ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ಹಾಕಬೇಡಿ. ಅರಿವಳಿಕೆ ಕೊಡುವ ಸಂದರ್ಭ ಬಂದರೆ ನಾಯಿಯನ್ನು ತೂಕ ಮಾಡಿಸಿ, ತಳಿಯ ಹೆಸರನ್ನು ವೈದ್ಯರಿಗೆ ಮೊದಲೇ ತಿಳಿಸಿ, ಈ ತಳಿಗೆ ಆ ಮದ್ದು ಬೇಗ ಹೆಚ್ಚಾಗಬಹುದು. ಸಂತಾನಹರಣ ಮಾಡಿಸುವುದಾದರೆ ಒಂದು-ಒಂದೂವರೆ ವರ್ಷದ ನಂತರ. ಅದರಿಂದ ಕಾವಲಿನ ಗುಣ ಕುಗ್ಗುವುದಿಲ್ಲ, ಹೆಣ್ಣು ನಾಯಿಯ ಹಿಂದೆ ಊರೂರು ಅಲೆಯುವುದು ತಪ್ಪುತ್ತದೆ.

ಬೇಸಿಗೆಯಲ್ಲಿ ಕೂದಲು ಬೋಳಿಸಬೇಡಿ, ಅದು ಬಿಸಿಲಿಗೂ ಅಡ್ಡ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರ ಮೇಲೆ ಮೇವು, ನಡುಹಗಲು ಬೇವು-ಹೊಂಗೆಯ ನೆರಳು. ತಂಪು ಕಾಲದಲ್ಲಿ ದಿನಕ್ಕೆ ಮೂರು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಅದರ ಎರಡರಷ್ಟು. ಕುರಿಯ ನೀರಿನ ತೊಟ್ಟಿ ಹತ್ತಿರವಿಲ್ಲದಿದ್ದರೆ ಕುರಿಗಾಹಿ ಹೊತ್ತೊಯ್ಯಬೇಕು. ನಾಯಿ ತೂರಾಡಿ, ನಾಲಿಗೆ ಕಡುಗೆಂಪಾಗಿ, ಮೈ ಸುಡುತ್ತಿದ್ದರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿಗೆ ನೀರು ಸುರಿದು ಗಾಳಿ ಬೀಸಿ. ಐಸ್ ಇಡಬೇಡಿ. ಗುದದಲ್ಲಿಟ್ಟ ಥರ್ಮಾಮೀಟರ್ 39.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಒಯ್ಯಿರಿ. ಸಹಜ ಉಷ್ಣತೆ 38.3ರಿಂದ 39.2.

ನಿಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿ ಮುಳ್ಳು ನಾಯಿಯ ದೊಡ್ಡ ಶತ್ರು. ಪಾದದ ಮೆತ್ತೆಯಲ್ಲಿ ಮುರಿದು ಉಳಿದರೆ ಕೀವಾಗಿ ತಿಂಗಳುಗಟ್ಟಲೆ ಕುಂಟುತ್ತದೆ. ದಿನ ಸಂಜೆ ನಾಲ್ಕೂ ಪಾದ, ಬೆರಳ ಸಂದಿ, ಕಿವಿಯೊಳಗೆ ನೋಡಿ. ಮುಳ್ಳು ಚಿಮುಟ, ಅಯೋಡಿನ್ ದ್ರಾವಣ ಕುರಿಗಾಹಿಯ ಚೀಲದಲ್ಲಿರಲಿ.

ಚಿರತೆಯ ಮಾತು ಬೇರೆ

ನೀವು ಚಿರತೆಯನ್ನು ಹೇಳಿಲ್ಲ. ಆದರೆ ಜೋಗಿಮಟ್ಟಿ, ಮೊಳಕಾಲ್ಮುರಿನ ಕಲ್ಲುಗುಡ್ಡಗಳ ಕಡೆ ಮಂದೆ ಹೋಗುವುದಾದರೆ ನೆನಪಿಡಿ: ಚಿರತೆಗೆ ನಾಯಿ ಎಂದರೆ ಊಟ. ತೋಳಕ್ಕೆ ಮುಖ ಕೊಡುವ ನಾಯಿಯನ್ನು ಚಿರತೆ ಹಿಂದಿನಿಂದ ಬಂದು ಕುತ್ತಿಗೆ ಹಿಡಿಯುತ್ತದೆ. ಅಂಥ ಕಡೆ ರಾತ್ರಿ ನಾಯಿಯನ್ನು ಹೊರಗೆ ಒಂಟಿಯಾಗಿ ಬಿಡಬೇಡಿ, ಮೇಲೂ ಜಾಲರಿ ಹಾಕಿದ ರೊಪ್ಪದೊಳಗೆ ಕುರಿಗಳ ಜೊತೆಗೇ ಇರಲಿ. ಸುಳಿವು ಸಿಕ್ಕಾಗ ಬೊಗಳಿ ನಿಮ್ಮನ್ನು ಎಬ್ಬಿಸಿದರೆ ಅದರ ಕೆಲಸ ಮುಗಿಯಿತು. ಮೂರು ಬೆರಳು ಅಗಲದ ಚರ್ಮದ ಕೊರಳಪಟ್ಟಿಗೆ ಹೊರಮುಖವಾಗಿ ಕಬ್ಬಿಣದ ಮುಳ್ಳು ಕೂಡಿಸಿದ್ದನ್ನು ಹಾಕಿ. ತೋಳಕ್ಕೂ ಅದು ಅಡ್ಡ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ವಾರಕ್ಕೊಮ್ಮೆ ಬಿಚ್ಚಿ ಕೊರಳು ಉಜ್ಜಿದೆಯೇ ನೋಡಿ. ಬೆಳೆಯುವ ಮರಿಗೆ, ಕುರಿಗಳ ಜೊತೆ ಒತ್ತಾಗಿ ಮಲಗುವ ರಾತ್ರಿಗಳಲ್ಲಿ ಮುಳ್ಳುಪಟ್ಟಿ ಬೇಡ.

ಹರಿಹರ, ಹೊನ್ನಾಳಿಗೆ ಹೋಗುವಾಗ

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ನಿಮ್ಮ ಅಡವಿಯಲ್ಲಿ ಅಪರಿಚಿತರು ವಿರಳ. ಭದ್ರಾ ನಾಲೆಯ ಬಯಲಿನಲ್ಲಿ ರಾತ್ರಿ ಹನ್ನೆರಡಕ್ಕೂ ನೀರು ಕಟ್ಟಲು ರೈತರು ಟಾರ್ಚ್ ಹಿಡಿದು ಬರುತ್ತಾರೆ, ಬೆಳಗಿನ ಜಾವ ಬೈಕ್ ಓಡಾಡುತ್ತವೆ, ಶಾಲೆ ಮಕ್ಕಳು ಬದುವಿನ ಮೇಲೆ ನಡೆಯುತ್ತಾರೆ. ಕಾಂಗಲ್‌ಗೆ ಮಂದೆ ನಿಂತ ಜಾಗವೆಲ್ಲ ತನ್ನದು. ಆದ್ದರಿಂದ ಮರಿಯಾಗಿದ್ದಾಗಿನಿಂದಲೇ ಸಂತೆ, ರಸ್ತೆ, ಬೈಕ್ ಸದ್ದು, ಬೇರೆ ಬೇರೆ ಜನರನ್ನು ಹಗ್ಗದಲ್ಲಿ ಹಿಡಿದು ತೋರಿಸಿ. ಮಂದೆ ನಿಲ್ಲಿಸುವ ಜಮೀನಿನವರಿಗೆ ನಾಯಿಯ ವಿಷಯ ಮೊದಲೇ ಹೇಳಿ, ರಾತ್ರಿ ಬರುವಾಗ ದೂರದಿಂದ ಕೂಗಿ ಬರಲು ತಿಳಿಸಿ. ಊರಿನ ಹತ್ತಿರ ನಾಯಿ ಬಲೆಯ ಆವರಣದ ಒಳಗೇ ಇರಲಿ. ಮೆಕ್ಕೆಜೋಳ, ಭತ್ತದ ಹೊಲಗಳಲ್ಲಿ ಇಲಿಗೆ ಇಟ್ಟ ಜಿಂಕ್ ಫಾಸ್ಫೈಡ್ ಉಂಡೆ, ಹಂದಿಗೆ ಹಾಕಿದ ಉರುಳು ಇರುತ್ತವೆ, ಅದನ್ನೂ ಜಮೀನಿನವರನ್ನು ಕೇಳಿ ತಿಳಿದುಕೊಳ್ಳಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ. ನಿಮ್ಮ ನಾಯಿಗೆ ಲಸಿಕೆಯಾಗಿದ್ದರೂ ಇದು ತಪ್ಪದು.

ಕಾನೂನಿನ ಕಡೆ: ಕೇಂದ್ರ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು 23 ತಳಿಗಳ ಆಮದು, ಮಾರಾಟ, ಸಂವರ್ಧನೆ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಕಾಂಗಲ್ ಆ ಪಟ್ಟಿಯಲ್ಲಿತ್ತು. ಸಂಬಂಧಪಟ್ಟವರ ಅಹವಾಲು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಹೊಸ ನಿಯಮ ಬರುವ ಸಾಧ್ಯತೆ ಇದ್ದೇ ಇದೆ, ಮುಂಗಡ ಕೊಡುವ ಮೊದಲು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಜನರಿಗೆ ಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಮಾಲೀಕರ ಮೇಲೆ ಬರುತ್ತದೆ, ಅದು ಯಾವ ತಳಿಗಾದರೂ ಒಂದೇ.

ತೋಳ, ಚಿರತೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ವಿಷ, ಉರುಳು ಇಡುವುದು ಅಪರಾಧ, ಅದೂ ಅಲ್ಲದೆ ವಿಷದ ಮಾಂಸ ಮೊದಲು ತಿನ್ನುವುದು ನಿಮ್ಮದೇ ನಾಯಿ. ಕುರಿ ಸತ್ತರೆ ದೇಹವನ್ನು ಸರಿಸದೆ ಹಲ್ಲಿನ ಗುರುತು, ಹೆಜ್ಜೆ ಗುರುತು ಕಾಣುವಂತೆ ಫೋಟೋ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಪಶುವೈದ್ಯರ ಮರಣೋತ್ತರ ವರದಿಯೊಂದಿಗೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮುಟ್ಟದೆ ಕಾಯುವ ಆ ಹೊತ್ತಿನಲ್ಲಿ ನಾಯಿಗಳನ್ನು ಕಟ್ಟಿಹಾಕಿ, ಹಸಿ ಮಾಂಸಕ್ಕೆ ಅವು ಬಾಯಿ ಹಾಕಬಾರದು.

ನಿಮ್ಮ ಮಂದೆಗೆ ನನ್ನ ಸಲಹೆ: ಮುಂದಿನ ಸಲ ಗದ್ದೆ ಬಯಲಿಗೆ ಹೊರಡುವ ಮೊದಲು ಮರಿ ತರಬೇಡಿ, ವಲಸೆ ಮುಗಿಸಿ ಊರಿಗೆ ವಾಪಸಾದ ಮೇಲೆ ತನ್ನಿ. ಆಗ ರೊಪ್ಪ ಒಂದೇ ಕಡೆ ಇರುತ್ತದೆ, ಮೊದಲ ಎರಡು ತಿಂಗಳ ಕೆಲಸ ಸರಿಯಾಗಿ ನಡೆಯುತ್ತದೆ. ಅಷ್ಟರೊಳಗೆ ನಿಮ್ಮ ಹೆಣ್ಣು ನಾಟಿ ನಾಯಿ ಮರಿ ಹಾಕಿದರೆ, ಅದನ್ನು ರೊಪ್ಪದ ಮೂಲೆಯಲ್ಲೇ ಈಯಲು ಬಿಟ್ಟು, ಅವುಗಳಲ್ಲಿ ಒಂದು ಮರಿಯನ್ನು ಇದೇ ಕ್ರಮದಲ್ಲಿ ಬೆಳೆಸಿ ನೋಡಿ. ಖರ್ಚಿಲ್ಲದೆ ನಿಮಗೂ ಈ ಕೆಲಸ ಕೈಗೆ ಹತ್ತುತ್ತದೆ. ಕಾಂಗಲ್ ಬೇಕೋ ಬೇಡವೋ ಎನ್ನುವುದನ್ನು ಆ ಮರಿ ಒಂದೂವರೆ ವರ್ಷ ಮುಟ್ಟಿದಾಗ ತೀರ್ಮಾನಿಸಿ.